ಗಡಿಯ ಯೋಧನಿಗೆ ಅಂಚೆಮತ, ಕೊಲ್ಲಿಯ ದುಡಿಮೆಗಾರನಿಗೆ?

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಕೊಲ್ಲಿ ದೇಶಗಳಲ್ಲಿ ದುಡಿಯುವವರಿಲ್ಲದ ಊರುಂಟೆ? 2010ರ ತಿದ್ದುಪಡಿಯಿಂದ ಇವರಿಗೆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವ ಹಕ್ಕು ದೊರೆಯಿತು. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಅದಕ್ಕೆಂದು ರಜೆ ಕೊಡುವ ಧಣಿ ಎಲ್ಲಿದ್ದಾನೆ? 2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಹೀಗೆ ಹೆಸರು ನೋಂದಾಯಿಸಿದ್ದವರು 1,19,374. ಬಂದು ಮತ ಹಾಕಿದವರು 2,958. ನೋಂದಾಯಿಸಿದವರಲ್ಲಿ ಬಹುಪಾಲು ಕೇರಳದವರೇ.

ಸೈನಿಕರಿಗೆ ಈ ತೊಂದರೆಯಿಲ್ಲ, ಇರಲೂ ಬಾರದು. 2016ರಿಂದೀಚೆಗೆ ಮತಪತ್ರವು ಗಣಕಯಂತ್ರದ ಮೂಲಕವೇ ಅವರನ್ನು ತಲುಪುತ್ತದೆ. ಗುರುತು ಹಾಕಿ ಅಂಚೆಗೆ ಹಾಕಿದರಾಯಿತು. ಇದೇ ಏರ್ಪಾಡನ್ನು ಹೊರದೇಶದಲ್ಲಿರುವ ಪ್ರಜೆಗಳಿಗೂ ಕೊಡಬಹುದೆಂದು 2020ರಲ್ಲಿ ಚುನಾವಣಾ ಆಯೋಗವೇ ಹೇಳಿತ್ತು.

ತಮ್ಮ ಪರವಾಗಿ ಊರಿನಲ್ಲಿ ಇನ್ನೊಬ್ಬರಿಂದ ಮತ ಹಾಕಿಸುವ ಅವಕಾಶದ ಮಸೂದೆ 2018ರಲ್ಲಿ ಲೋಕಸಭೆಯನ್ನು ದಾಟಿತು, ರಾಜ್ಯಸಭೆಯನ್ನು ದಾಟಲಿಲ್ಲ, 2019ರಲ್ಲಿ ಬಿದ್ದುಹೋಯಿತು. ಅದಕ್ಕೆ ನಾವು ಮರುಗುವುದಿಲ್ಲ. ಮಗನ ಮತವನ್ನು ಮನೆಯ ಯಜಮಾನರು ತಮಗೆ ಬೇಕಾದ ಗುರುತಿಗೆ ಹಾಕಿದರೆ ಕೇಳುವವರಾರು? ಹತ್ತು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಕ್ಯಾಂಪಿನಲ್ಲಿ ಅಂಚೆಮತದ ಗುಟ್ಟೂ ಉಳಿಯದೆನ್ನುವವರಿದ್ದಾರೆ. ಮಾತು ನಿಜ. ಹಾಗಾದರೆ ರಾಯಭಾರ ಕಚೇರಿಯಲ್ಲಿಯೇ ಗುರುತು ಹಾಕಿಸಲಿ.

2016ರಲ್ಲಿ ಮಂಜೇಶ್ವರದ ಫಲಿತಾಂಶ ತೀರ್ಮಾನವಾದುದು ಬರಿಯ 89 ಮತಗಳಿಂದ. ಊರಿನಲ್ಲಿಲ್ಲದವರ ಹೆಸರಿನಲ್ಲಿ ಕಳ್ಳಮತ ಬಿದ್ದಿದೆಯೆಂದು ಸೋತ ಅಭ್ಯರ್ಥಿ ಹೈಕೋರ್ಟಿಗೂ ಹೋದರು, 2019ರಲ್ಲಿ ಅರ್ಜಿ ಹಿಂತೆಗೆದುಕೊಂಡರು. ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿರೆಂದು ನಾವು ಮನವಿ ಹಿಡಿದು ಹೋದಾಗ ಅಧಿಕಾರಸ್ಥರು ನಮ್ಮ ತಲೆಯನ್ನಲ್ಲ, ಮತವನ್ನು ಎಣಿಸುತ್ತಾರೆ. ಆ ಎಣಿಕೆಯಲ್ಲಿ ದುಬೈ, ದೋಹಾಗಳಲ್ಲಿರುವ ನಮ್ಮ ಮಕ್ಕಳು ಇಲ್ಲ. ಮುಂದಿನ ಬಾರಿ ಮತ ಕೇಳಲು ಜಗಲಿ ಹತ್ತುವವರೊಡನೆ ಮೊದಲು ಈ ವಿಷಯ ಎತ್ತೋಣ.