ಕೊಟ್ಟಿಗೆಯ ಸಗಣಿಯೂ ಹುಳುಗಳ ಹುಟ್ಟೂ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಎಮ್ಮೆಯ ಕರುವು ಹುಟ್ಟಿದ ಕೆಲವೇ ವಾರಗಳಲ್ಲಿ ಮಣ್ಣುಬಣ್ಣದ ಭೇದಿಯಾಗಿ ಸತ್ತರೆ, ಹಾಲು ಹೆಚ್ಚಾಯಿತೆಂದೋ ದೃಷ್ಟಿ ತಗಲಿತೆಂದೋ ಹೇಳಿ ಸುಮ್ಮನಾಗುವದುಂಟು. ಅಂಥ ಕರುವಿನ ಕರುಳಿನಲ್ಲಿ ಗೇಣುದ್ದದ ಬಿಳಿ ಜಂತುಹುಳುಗಳು ಅನೇಕ ಸಲ ಇರುವವು. ತೋಟದ ಮಣ್ಣಿನಲ್ಲಿ ಎರೆಹುಳುವಿರುವದು. ಎರಡಕ್ಕೂ ಹುಳುವೆಂದೇ ಹೆಸರು. ಅಡಿಕೆಯ ಬೇರುಹುಳುವಂತೂ ಹುಳುವೇ ಅಲ್ಲ, ದುಂಬಿಯ ಮರಿ. ಅದಕ್ಕೆಂದು ಸುರಿದ ವಿಷದಿಂದ ಎರೆಹುಳುವೂ ಸಾಯುವದು. ವೈರಿಯಾದ ಜಂತುವಾದರೋ ಕೊಟ್ಟಿಗೆಯಲ್ಲಿ ನಿಶ್ಚಿಂತೆಯಿಂದ ಬೆಳೆಯುವದು.

ಎಲ್ಲ ಹುಳುಗಳೂ ಒಂದೇ ಜೀವಕಣದ ತತ್ತಿಯಿಂದ ಹೊರಡುವವು. ಆ ಕಣವು ಎರಡಾಗಿ, ನಾಲ್ಕಾಗಿ ಒಡೆಯುತ್ತ ಉಂಡೆಯಾಗುವದು. ಒಳಸರಿದ ಕಣಗಳು ಕರುಳಾಗುವವು, ಹೊರಗಿನವು ಚರ್ಮವಾಗುವವು, ನಡುವಿನ ಪದರದಿಂದ ಸ್ನಾಯುಗಳು ಹುಟ್ಟುವವು. ಭೇದವಿರುವದು ಈ ನಡುಪದರದಲ್ಲಿಯೇ. ದನದ ಯಕೃತ್ತಿನ ಎಲೆಹುಳುವಿನಲ್ಲಿ ಅದು ಒಡಲನ್ನೆಲ್ಲ ತುಂಬಿಕೊಂಡು ಪೊಳ್ಳನ್ನೇ ಉಳಿಸದು. ದೇಹವು ಚಪ್ಪಟೆ, ಗುದದ್ವಾರವೂ ಇಲ್ಲ. ಜಂತುಹುಳುವಿನಲ್ಲಿ ಕರುಳಿಗೂ ಸ್ನಾಯುವಿಗೂ ನಡುವೆ ನೀರು ತುಂಬಿದ ಪೊಳ್ಳುಂಟು. ಅದರ ಒತ್ತಡದಿಂದಲೇ ಮೈ ದುಂಡಗೆ ಬಿರುಸಾಗಿರುವದು. ಎರೆಹುಳುವಿನಲ್ಲಿ ನಡುಪದರವೇ ಸೀಳಿ ಪೊಳ್ಳಾಗಿ, ತೆಳುಗೋಡೆಗಳಿಂದ ಉಂಗುರ ಉಂಗುರವಾಗಿ ವಿಭಾಗವಾಗುವದು. ಒಂದು ಉಂಗುರ ಹಿಗ್ಗಿದಾಗ ಇನ್ನೊಂದು ಕುಗ್ಗಬಲ್ಲದು; ಮಣ್ಣು ಕೊರೆಯುವ ಶಕ್ತಿ ಅಲ್ಲಿಂದಲೇ. (ಗುದ್ದಲಿಗೆ ಸಿಕ್ಕು ತುಂಡಾದ ಎರೆಹುಳುವು ಎರಡು ಹುಳುವಾಗುವದೆಂಬ ಮಾತು ಸುಳ್ಳು, ಬಾಲದ ತುಂಡು ಸಾಮಾನ್ಯವಾಗಿ ಸಾಯುವದು.)

ಕುದುರೆಯ ಜಂತುಹುಳುವಿನ ತತ್ತಿ ಒಡೆಯುವ ಬಗೆಯನ್ನು ಜರ್ಮನಿಯ ಥಿಯೋಡರ್ ಬೊವೆರಿಯು 1887ರಲ್ಲಿಯೇ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ಪ್ರಸಿದ್ಧನಾದನು. ಜಮೀನುದಾರನಿಗೆ ಬೇಕಾದುದು ಆ ತತ್ತಿ ಬೆಳೆಯುವ ಸ್ಥಳ. ಎಮ್ಮೆಗರುವಿನ ಸಗಣಿಯೊಡನೆ ಬೀಳುವಾಗ ತತ್ತಿಯು ಇನ್ನೂ ಒಂದೇ ಕಣ. ಗಾಳಿ, ತೇವ, ಬೆಚ್ಚಗಿನ ಹವೆ ದೊರೆತರೆ ಹೊರಗೇ ಅದರಲ್ಲಿ ಮರಿಯಾಗುವದು. ಮೇವಿನೊಡನೆ ಎಮ್ಮೆಯ ಹೊಟ್ಟೆ ಸೇರಿದ ಮರಿಗಳು ಅದರ ಮೈಯಲ್ಲಿ ಅಡಗಿದ್ದು, ಈಯುವ ಕಾಲಕ್ಕೆ ಕೆಚ್ಚಲಿಗೆ ಬಂದು ಹಾಲಿನೊಡನೆ ಕರುವಿಗೆ ಇಳಿಯುವವು. ಹಾಗೆಂದು ಗಿಣ್ಣುಹಾಲನ್ನು ತಡೆಯುವದು ದೊಡ್ಡ ತಪ್ಪು. ಅದಿಲ್ಲದ ಕರುವು ಬೇರೆ ರೋಗಗಳಿಗೆ ಬಲಿಯಾಗುವದು. ಹುಟ್ಟಿದ 10ರಿಂದ 16ನೆಯ ದಿನದೊಳಗೆ ಪಶುವೈದ್ಯರಿಂದ ಜಂತಿನ ಮದ್ದು ಕುಡಿಸಿದರೆ ಹುಳುಗಳು ತತ್ತಿಯಿಡುವ ಮೊದಲೇ ಬಿದ್ದುಹೋಗುವವು.

ಮದ್ದಿನಷ್ಟೇ ಮುಖ್ಯವಾದುದು ಗೊಬ್ಬರಗುಂಡಿ. ಈ ತಾಲೂಕುಗಳಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವದು. ತೆರೆದ ಗುಂಡಿಯ ಸಗಣಿಯು ಗದ್ದೆಗೆ ಹರಿದರೆ ಜಂತಿನ ತತ್ತಿ ಮೇವಿಗೆ ಅಂಟುವದು. ಎಲೆಹುಳುವಿನ ತತ್ತಿಯೂ ನೀರಿನಲ್ಲಿ ಒಡೆದು, ಅದರ ಮರಿಯು ಬಸವನಹುಳುವಿನೊಳಗೆ ಹೊಕ್ಕು ನೂರಾರಾಗುವದು. ಸೊಪ್ಪಿನಬೆಟ್ಟದ ಹಕ್ಕಿಗಾಗಿ ತಲೆಮಾರುಗಟ್ಟಲೆ ವ್ಯಾಜ್ಯ ನಡೆಸುವವರು ಗುಂಡಿಯ ಮೇಲೆ ಮಡಲಿನ ಮಾಡು ಹೊದಿಸಲು ಹಿಂಜರಿಯುವದು ಸೋಜಿಗವೇ ಸರಿ. ಊರಿನ ಮುಖ್ಯಸ್ಥರು ತಮ್ಮ ಮನೆಯ ಗುಂಡಿಯಿಂದಲೇ ಇದನ್ನು ಆರಂಭಿಸಬೇಕು. ಉಳಿದವರು ನೋಡಿ ಮಾಡುವರು, ಕೇಳಿ ಮಾಡುವದಿಲ್ಲ. ಎಳೆಗರುವಿನ ಸಗಣಿಯನ್ನು ಸೊಪ್ಪಿನೊಡನೆ ಪದರಪದರವಾಗಿ ಒಟ್ಟಿ, ಕಾವೇರಿದ ಮೇಲೆ ಅಂಚಿನದು ನಡುವಿಗೆ ಬರುವಂತೆ ತಿರುವಿಹಾಕತಕ್ಕದ್ದು. ಕೈಯಿಡಲಾಗದ ಆ ಕಾವಿನಲ್ಲಿ ತತ್ತಿಗಳು ಸಾಯುವವು. ಎರೆಹುಳುವನ್ನು ಆಗಲೇ ತಂದು ಬಿಟ್ಟರೆ ಅದೂ ಸಾಯುವದು; ಕಾವಿಳಿದ ಮೇಲೆ ಬಿಡಬೇಕು, ಅನೇಕ ಕಡೆ ತಾನಾಗಿಯೇ ಬರುವದು.