ಎಲ್ಲ ಮಕ್ಕಳಿಗೂ ಸಿಗಲಿ ಎರಡು ನಿಮಿಷದ ಮಾತು

ನಂಜನಗೂಡು, ತಿ.ನರಸೀಪುರ ಸೀಮೆ ಮಾತಿಗೆ ಬಡವಾದ ಸೀಮೆಯಲ್ಲ. ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು, ದೇವರಗುಡ್ಡರು ಕಂಸಾಳೆ ಹಿಡಿದು ಮಲೆ ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡಿ ಹೇಳಿದ ನೆಲವಿದು. ಅವರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಇದೇ ಊರುಗಳಲ್ಲಿ ಹತ್ತು ವರ್ಷ ಶಾಲೆಗೆ ಹೋದ ಎಷ್ಟೋ ಮಕ್ಕಳು, ನಾಲ್ಕು ಜನರ ಮುಂದೆ ಎರಡು ನಿಮಿಷ ಮಾತನಾಡು ಎಂದರೆ ತಲೆತಗ್ಗಿಸುತ್ತಾರೆ. ಇದು ಮಕ್ಕಳ ತಪ್ಪೇ?

ನಮ್ಮ ತರಗತಿಗಳನ್ನೇ ನೋಡಿ. ಮೇಷ್ಟ್ರು ಹೊರಗೆ ಹೋದರೆ ಲೀಡರ್ ಮಾಡುವ ಮೊದಲ ಕೆಲಸ, ಮಾತನಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಅಲ್ಲಿ ಮಾತು ಎಂದರೆ ಅಪರಾಧ. ಎಸ್ಸೆಸ್ಸೆಲ್ಸಿಯಲ್ಲಿ ಮಾತಿಗೆಂದೇ ಪ್ರತ್ಯೇಕ ಪರೀಕ್ಷೆ ಇಲ್ಲ. ಪರೀಕ್ಷೆಯಲ್ಲಿ ಬಾರದ್ದನ್ನು ಕಲಿಸಲು ಶಾಲೆಗೂ ಪುರುಸೊತ್ತಿಲ್ಲ.

ಪ್ರತಿಭಾ ಕಾರಂಜಿ ಇದೆಯಲ್ಲ ಎನ್ನಬಹುದು. ಭಾಷಣ, ಚರ್ಚಾ ಸ್ಪರ್ಧೆಗಳಿಂದ ಹಳ್ಳಿಯ ಮಕ್ಕಳು ವೇದಿಕೆ ಕಂಡಿದ್ದಾರೆ, ನಿಜ. ಆದರೆ ಸ್ಪರ್ಧೆಗೆ ಹೋಗುವುದು ಚೆನ್ನಾಗಿ ಮಾತನಾಡುವ ಒಬ್ಬ ವಿದ್ಯಾರ್ಥಿ. ಅದೂ ಬಹಳ ಸಲ ಬೇರೆಯವರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು. ಉಳಿದವರ ಪಾಲಿಗೆ ಬರುವುದು ಚಪ್ಪಾಳೆ ತಟ್ಟುವ ಕೆಲಸ.

ಇನ್ನೊಂದು ಅಡ್ಡಿ ನಮ್ಮ ಆಡುಮಾತಿನ ಬಗ್ಗೆ ಇರುವ ತಾತ್ಸಾರ. ‘ಹಳ್ಳಿ’ ಎನ್ನುವ ಬದಲು ‘ಅಳ್ಳಿ’, ‘ಹೋಗ್ತೀನಿ’ ಎನ್ನುವ ಬದಲು ‘ಓಯ್ತೀನಿ’ ಎಂದ ಮಗುವನ್ನು ಇಡೀ ತರಗತಿ ನೋಡಿ ನಗುತ್ತದೆ. ಒಮ್ಮೆ ಹಾಗೆ ನಗೆಪಾಟಲಾದ ಮಗು ಮತ್ತೆ ಕೈ ಎತ್ತುವುದಿಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಇದೇ ಸೀಮೆಯ ಮಾತಿನಲ್ಲಿ ‘ಕುಸುಮಬಾಲೆ’ ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಹಿತ್ಯಕ್ಕೆ ಸಲ್ಲುವ ಮಾತು ತರಗತಿಗೆ ಏಕೆ ಸಲ್ಲಬಾರದು? ಮಗು ಮೊದಲು ತನ್ನ ಮಾತಿನಲ್ಲೇ ಧೈರ್ಯವಾಗಿ ಹೇಳಲಿ. ಶಿಷ್ಟ ಕನ್ನಡವನ್ನೂ ಇಂಗ್ಲಿಷನ್ನೂ ಆಮೇಲೆ ಕಲಿಯಬಹುದು. ಕನ್ನಡದಲ್ಲೇ ಬಾಯಿ ಬಿಡದವರು ಇಂಗ್ಲಿಷಿನಲ್ಲಿ ಮಾತನಾಡುವುದು ಹೇಗೆ?

ಇದರ ಫಲವನ್ನು ಎಂಜಿನಿಯರಿಂಗ್ ಕಾಲೇಜಿನಲ್ಲಿ ದಿನವೂ ಕಾಣುತ್ತೇನೆ. ಲೆಕ್ಕದಲ್ಲಿ, ಕೋಡಿಂಗ್‌ನಲ್ಲಿ ಮುಂದಿರುವ ಹಳ್ಳಿಯ ಗೆಳೆಯರು ವೈವಾದಲ್ಲಿ, ಗ್ರೂಪ್ ಡಿಸ್ಕಷನ್‌ನಲ್ಲಿ ಗೊತ್ತಿರುವುದನ್ನೂ ಹೇಳಲಾಗದೆ ಹಿಂದೆ ಬೀಳುತ್ತಾರೆ. ಕೊನೆಯ ವರ್ಷದಲ್ಲಿ ಕೊಡುವ ಕೆಲವು ದಿನಗಳ ‘ಸಾಫ್ಟ್ ಸ್ಕಿಲ್ಸ್’ ತರಬೇತಿ ಹತ್ತು ವರ್ಷದ ಅಂಜಿಕೆಯನ್ನು ಕಳೆಯಲಾರದು. ವಿಷಯ ಕೆಲಸಕ್ಕಷ್ಟೇ ಸಂಬಂಧಿಸಿದ್ದೂ ಅಲ್ಲ. ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ಏನಾಯಿತೆಂದು ಕೇಳಲು, ಆಸ್ಪತ್ರೆಯಲ್ಲಿ ನೋವು ಎಲ್ಲಿದೆ ಎಂದು ವಿವರಿಸಲು, ಅನ್ಯಾಯವಾದಾಗ ಬೇಡ ಎನ್ನಲು ಬೇಕಿರುವುದೂ ಇದೇ ಧೈರ್ಯ.

ಪಾಠ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಸಮಯ ಎಲ್ಲಿ ಎಂದು ಶಿಕ್ಷಕರು ಕೇಳಬಹುದು. ಲೆಕ್ಕ ಹಾಕೋಣ. ನಲವತ್ತು ಮಕ್ಕಳ ತರಗತಿಯಲ್ಲಿ ದಿನಕ್ಕೆ ಇಬ್ಬರಂತೆ, ಹಾಜರಾತಿ ಪುಸ್ತಕದ ಕ್ರಮದಲ್ಲಿ ಎರಡೆರಡು ನಿಮಿಷ ಮಾತನಾಡಿದರೆ ಇಪ್ಪತ್ತು ದಿನದಲ್ಲಿ ಎಲ್ಲರ ಸರದಿಯೂ ಮುಗಿಯುತ್ತದೆ. ದಿನಕ್ಕೆ ಬೇಕಾದದ್ದು ನಾಲ್ಕೇ ನಿಮಿಷ. ಅಂಕ, ಬಹುಮಾನ ಬೇಡ. ಮಾತನಾಡುವಾಗ ನಡುವೆ ತಿದ್ದುವುದೂ ಬೇಡ.

ವಿಷಯಗಳಿಗಂತೂ ಬರವಿಲ್ಲ. ಕಪಿಲೆ ಉಕ್ಕಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುವುದನ್ನು ನೋಡಿದ್ದು, ರಸಬಾಳೆ ಬೆಳೆಯುವವರು ಈಗ ಏಕೆ ಕಡಿಮೆ ಎಂದು ಅಜ್ಜನನ್ನು ಕೇಳಿ ತಿಳಿದದ್ದು, ತಿ.ನರಸೀಪುರದ ಕುಂಭಮೇಳದಲ್ಲಿ ಅಥವಾ ಮುಡುಕುತೊರೆ ಜಾತ್ರೆಯಲ್ಲಿ ಕಂಡದ್ದು, ಯಾವುದಾದರೂ ಆದೀತು. ಬಾಯಿಪಾಠ ಮಾಡಿದ ಪರಿಸರ ದಿನಾಚರಣೆಯ ಭಾಷಣಕ್ಕಿಂತ ಇವು ಮೇಲು. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೂ ಈ ಅಭ್ಯಾಸ ನೆರವಾಗುತ್ತದೆ. ಶೌಚಾಲಯ, ಬಸ್ಸು, ಕುಡಿಯುವ ನೀರಿನ ಬಗ್ಗೆ ಮಕ್ಕಳೇ ಎದ್ದು ಕೇಳಿದಾಗ ಆ ಸಭೆಗೊಂದು ಅರ್ಥ ಬರುತ್ತದೆ.

ಮುಂದಿನ ಶೈಕ್ಷಣಿಕ ವರ್ಷದಿಂದಲೇ ಇದನ್ನು ಶುರುಮಾಡಬಹುದು. ಇಲಾಖೆಯ ಸುತ್ತೋಲೆಗೆ ಕಾಯಬೇಕಿಲ್ಲ, ಹಣವೂ ಬೇಕಿಲ್ಲ. ಕೊನೆಯ ಬೆಂಚಿನ ಮಗು ತಡವರಿಸಿದರೂ ನಗದೆ ಎರಡು ನಿಮಿಷ ಕಾಯುವ ತರಗತಿ ಇದ್ದರೆ ಸಾಕು.