ಬಾಬಾಸಾಹೇಬರು ಓದಿದ ಯೂನಿವರ್ಸಿಟಿ, ಅದರ ಪಕ್ಕದ ಕೇರಿ



ನಮ್ಮ ಹಾಸ್ಟೆಲ್ಲುಗಳ ಗೋಡೆ ಮೇಲೆ ಒಂದು ಫೋಟೋ ಇದ್ದೇ ಇರುತ್ತದೆ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ಜಯಂತಿ ದಿನ ವೇದಿಕೆ ಹತ್ತಿದವರೆಲ್ಲ "ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಓದಿದವರು" ಎಂದು ಒಂದು ಸಾರಿಯಾದರೂ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನಾವೂ ತಟ್ಟಿದ್ದೇವೆ. ತಟ್ಟಬೇಕಾದ್ದೇ. ಆದರೆ ಆ ಕೊಲಂಬಿಯಾ ಯಾವ ನೆಲದ ಮೇಲೆ ನಿಂತಿದೆ, ಅದರ ಅಕ್ಕಪಕ್ಕದ ಬೀದಿಯಲ್ಲಿ ಯಾರಿದ್ದಾರೆ, ಅವರನ್ನು ಅದು ಹೇಗೆ ನಡೆಸಿಕೊಂಡಿದೆ ಎಂದು ಒಬ್ಬ ಭಾಷಣಕಾರನೂ ಕೇಳಿದ್ದನ್ನು ನಾನು ಕಾಣೆ.

1913ರಲ್ಲಿ ಬರೋಡ ಮಹಾರಾಜರ ಸ್ಕಾಲರ್‌ಶಿಪ್ ಹಿಡಿದು ಬಾಬಾಸಾಹೇಬರು ನ್ಯೂಯಾರ್ಕಿಗೆ ಹೋದಾಗ ಅವರ ವಯಸ್ಸು 22. ಈಗ ಇದನ್ನು ಓದುತ್ತಿರುವ ಎಷ್ಟೋ ಜನರ ವಯಸ್ಸು. 1915ರಲ್ಲಿ ಎಂ.ಎ. ಮುಗಿಸಿ 1916ರಲ್ಲಿ ಲಂಡನ್ನಿಗೆ ಹೋದರು. 1917ರಲ್ಲಿ ಬರೋಡದ ನೌಕರಿಗೆ ಬಂದಿಳಿದರೆ ಇಡೀ ಪಟ್ಟಣದಲ್ಲಿ ತಂಗಲು ಒಂದು ಕೋಣೆ ಇಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಹೆಸರು ಮರೆಸಿಕೊಂಡು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಗೆ ಹಾಕಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಕ್ಲಾಸಿನಲ್ಲಿ ಬೆಂಚು ಸಿಕ್ಕಿತು, ಊರಿನಲ್ಲಿ ನೆಲ ಸಿಗಲಿಲ್ಲ. ಈ ಎರಡೂ ಬೇರೆ ಬೇರೆ ಎಂಬುದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಓದಿ.

ಕೊಲಂಬಿಯಾ ಇರುವುದು ಮಾರ್ನಿಂಗ್‌ಸೈಡ್ ಹೈಟ್ಸ್ ಎಂಬ ಗುಡ್ಡದ ಮೇಲೆ. ಗುಡ್ಡದ ಪೂರ್ವಕ್ಕೆ ಕಡಿದಾದ ಬಂಡೆ ಇಳಿಜಾರು, ಅದರಲ್ಲಿ ಒಂದು ಪಾರ್ಕು, ಪಾರ್ಕಿನ ಕೆಳಗೆ ಹಾರ್ಲೆಂ. ಹಾರ್ಲೆಂ ಅಂದರೆ ಕಪ್ಪು ಜನರ ರಾಜಧಾನಿ ಇದ್ದ ಹಾಗೆ. ದಕ್ಷಿಣದ ರಾಜ್ಯಗಳ ಹತ್ತಿ ಹೊಲದಿಂದ, ದೊಂಬಿಯಿಂದ, ನೇಣಿನಿಂದ ತಪ್ಪಿಸಿಕೊಂಡು ಬಂದವರು ಕಟ್ಟಿಕೊಂಡ ಜಾಗ. ಮೇಲೆ ಊರು, ಕೆಳಗೆ ಕೇರಿ. ನಕ್ಷೆ ಬರೆದವರು ಯಾರೋ ನಮ್ಮ ಕಡೆಯವರೇ ಇರಬೇಕು ಅನ್ನಿಸುತ್ತದೆ!

ಎರಡನೇ ಮಹಾಯುದ್ಧ ಮುಗಿದ ಮೇಲೆ ಯೂನಿವರ್ಸಿಟಿ ಸುತ್ತಲ ಕಟ್ಟಡಗಳನ್ನು ಕೊಳ್ಳುತ್ತಾ ಬಂತು. ಕೊಂಡದ್ದರಿಂದ ಬಡ ಬಾಡಿಗೆದಾರರನ್ನು ಖಾಲಿ ಮಾಡಿಸುತ್ತಾ ಬಂತು. ಸಾವಿರಾರು ಜನ ಹೋದರು. ಹೆಚ್ಚಿನವರು ಕಪ್ಪು ಜನ, ಪೋರ್ಟೊರಿಕೋದವರು. ಆಮೇಲೆ ಅದರ ಕಣ್ಣು ಪಾರ್ಕಿನ ಮೇಲೆ ಬಿತ್ತು. ಪಾರ್ಕು ನಗರದ್ದು, ಅಂದರೆ ಸಾರ್ವಜನಿಕರದ್ದು. 1961ರಲ್ಲಿ ನಗರ ಎರಡು ಎಕರೆ ಚಿಲ್ಲರೆ ಜಾಗವನ್ನು ವರ್ಷಕ್ಕೆ 3,000 ಡಾಲರ್ ಬಾಡಿಗೆಗೆ ಬರೆದುಕೊಟ್ಟಿತು. ಅಲ್ಲಿ ಯೂನಿವರ್ಸಿಟಿ ಜಿಮ್ನೇಷಿಯಂ ಕಟ್ಟಬೇಕು, ಅದರಲ್ಲಿ ಒಂದು ಪಾಲು ಹಾರ್ಲೆಂ ಜನರಿಗೂ ಕೊಡಬೇಕು ಎಂದು ಒಪ್ಪಂದ. ಪಾಲು ಎಷ್ಟು? ಸುಮಾರು ಎಂಟರಲ್ಲಿ ಒಂದು. ಬಾಗಿಲು? ಇಲ್ಲಿ ಸ್ವಲ್ಪ ನಿಂತು ಓದಿ. ಗುಡ್ಡದ ಮೇಲಿನಿಂದ ವಿದ್ಯಾರ್ಥಿಗಳಿಗೆ ಒಂದು ಬಾಗಿಲು. ಗುಡ್ಡದ ಬುಡದಲ್ಲಿ ಹಾರ್ಲೆಂನವರಿಗೆ ಇನ್ನೊಂದು ಬಾಗಿಲು. ಹೋಟೆಲಿನ ಹಿತ್ತಲಲ್ಲಿ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ಅಪ್ಪಂದಿರ ಮಕ್ಕಳಿಗೆ ಈ ನಕ್ಷೆಯನ್ನು ಬಿಡಿಸಿ ಹೇಳಬೇಕಾ?

ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಬೇರೆ ಇಟ್ಟ ಕಾಯಿದೆಗಳಿಗೆ 'ಜಿಮ್ ಕ್ರೋ' ಎಂದು ಹೆಸರಿತ್ತು. ಈ ಜಿಮ್ಮಿಗೂ ಅದೇ ಹೆಸರು ಅಂಟಿತು. ಇಂಗ್ಲಿಷಿನಲ್ಲಿ ಒಂದಕ್ಷರ ವ್ಯತ್ಯಾಸ, ಕನ್ನಡದಲ್ಲಿ ಬರೆದರೆ ಅದೂ ಇಲ್ಲ. 1968ರ ಫೆಬ್ರವರಿಯಲ್ಲಿ ಬಂಡೆ ಒಡೆಯಲು ಶುರುಮಾಡಿದರು. ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು. ಏಪ್ರಿಲ್ 23ಕ್ಕೆ ವಿದ್ಯಾರ್ಥಿಗಳು ಎದ್ದರು. ಯೂನಿವರ್ಸಿಟಿ ಯುದ್ಧದ ಸಂಶೋಧನೆಯಲ್ಲಿ ಕೈಜೋಡಿಸಿದ್ದಕ್ಕೆ ಒಂದು ಸಿಟ್ಟು, ಜಿಮ್ಮಿನ ಮೇಲೆ ಇನ್ನೊಂದು. ಹ್ಯಾಮಿಲ್ಟನ್ ಹಾಲನ್ನು ಹಿಡಿದುಕೊಂಡರು. ಕಪ್ಪು ವಿದ್ಯಾರ್ಥಿಗಳು ಬಿಳಿಯ ಗೆಳೆಯರಿಗೆ "ನೀವು ಬೇರೆ ಕಟ್ಟಡ ನೋಡಿಕೊಳ್ಳಿ, ಇದನ್ನು ನಾವು ನೋಡಿಕೊಳ್ಳುತ್ತೇವೆ" ಎಂದರು. ಹಾರ್ಲೆಂ ಜನ ಅವರಿಗೆ ಊಟ ತಂದುಕೊಟ್ಟರು. ಏಪ್ರಿಲ್ 30ರ ನಸುಕಿಗೆ ಪೊಲೀಸರು ನುಗ್ಗಿ ಏಳುನೂರು ಜನರನ್ನು ಬಂಧಿಸಿದರು. ಪೆಟ್ಟು ಬಿದ್ದವು, ತಲೆ ಒಡೆದವು. ಆದರೆ ಜಿಮ್ಮು ಅಲ್ಲಿ ಏಳಲಿಲ್ಲ. ತೋಡಿದ್ದ ಗುಂಡಿ ವರ್ಷಾನುಗಟ್ಟಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಈಗ ಅದೊಂದು ಕೊಳ.

ಗುಡ್ಡದ ಮೇಲೆ ಓದುವ ಮಕ್ಕಳು ಕೆಳಗಿನವರ ಜೊತೆ ನಿಂತಾಗ ಏನಾಯಿತು ಎಂಬುದು ಈ ಕಥೆ. ನಿಲ್ಲದಿದ್ದಾಗ, ಅಥವಾ ಸಾಕಷ್ಟು ನಿಲ್ಲದಿದ್ದಾಗ ಏನಾಯಿತು ಎಂಬುದು ಇನ್ನೊಂದು.

2003ರಲ್ಲಿ ಕೊಲಂಬಿಯಾ ಹೊಸ ಯೋಜನೆ ಹೇಳಿತು. ಈ ಸಾರಿ ಉತ್ತರಕ್ಕೆ, ಪಶ್ಚಿಮ ಹಾರ್ಲೆಂನ ಮ್ಯಾನ್‌ಹಟ್ಟನ್‌ವಿಲ್ ಎಂಬ ಕಡೆ, 125ನೇ ಬೀದಿಯಿಂದ 133ನೇ ಬೀದಿಯವರೆಗೆ ಒಟ್ಟು 17 ಎಕರೆ. ಗ್ಯಾರೇಜುಗಳು, ಗೋದಾಮುಗಳು, ಸಣ್ಣ ಕಾರ್ಖಾನೆಗಳು, ಮಧ್ಯೆ ಮಧ್ಯೆ ಬಾಡಿಗೆ ಮನೆಗಳು. ಕಪ್ಪು ಜನ, ಸ್ಪ್ಯಾನಿಷ್ ಮಾತಾಡುವ ಜನ ದುಡಿದು ತಿನ್ನುತ್ತಿದ್ದ ಜಾಗ. ಅಲ್ಲಿನ ಕಮ್ಯುನಿಟಿ ಬೋರ್ಡು, ನಮ್ಮಲ್ಲಿ ವಾರ್ಡ್ ಸಮಿತಿ ಅನ್ನುತ್ತೇವಲ್ಲ ಆ ಥರದ್ದು, ತನ್ನದೇ ಒಂದು ಯೋಜನೆ ಬರೆದಿತ್ತು: ಕಾರ್ಖಾನೆ ಕೆಲಸಗಳು ಉಳಿಯಬೇಕು, ಕಡಿಮೆ ಬಾಡಿಗೆ ಮನೆ ಬೇಕು, ಬೇಕಾದರೆ ಯೂನಿವರ್ಸಿಟಿಯೂ ನಮ್ಮ ನಡುವೆ ಬಂದು ಇರಲಿ. 2007ರ ಆಗಸ್ಟಿನಲ್ಲಿ ಯೂನಿವರ್ಸಿಟಿಯ ಯೋಜನೆಯನ್ನು ಆ ಬೋರ್ಡು 32ಕ್ಕೆ 2 ಮತಗಳಿಂದ ತಳ್ಳಿಹಾಕಿತು. ಆದರೆ ಬೋರ್ಡಿನ ಮತಕ್ಕೆ ಸಲಹೆಯ ಬೆಲೆ ಮಾತ್ರ. ಅದೇ ಡಿಸೆಂಬರಿನಲ್ಲಿ ನಗರಸಭೆ ಯೂನಿವರ್ಸಿಟಿಗೆ ಬೇಕಾದಂತೆ ಇಡೀ ಪ್ರದೇಶದ ಬಳಕೆಯ ನಿಯಮವನ್ನೇ ಬದಲಿಸಿಕೊಟ್ಟಿತು.

ಇನ್ನೂ ಒಂದು ಗಂಟು ಉಳಿದಿತ್ತು. ಹೆಚ್ಚಿನ ಆಸ್ತಿಯನ್ನು ಯೂನಿವರ್ಸಿಟಿ ಕೊಂಡಿದ್ದರೂ ಕೆಲವರು ಕೊಡುವುದಿಲ್ಲ ಎಂದು ಕೂತರು. ಗೋದಾಮು ನಡೆಸುವವನೊಬ್ಬ, ಪೆಟ್ರೋಲ್ ಬಂಕ್ ಇಟ್ಟುಕೊಂಡಿದ್ದ ಪಂಜಾಬಿ ಕುಟುಂಬ ಒಂದು. ಅವರ ಜಾಗವನ್ನು ಸರ್ಕಾರ ಸ್ವಾಧೀನ ಮಾಡಿ ಯೂನಿವರ್ಸಿಟಿಗೆ ಕೊಡಬೇಕಾದರೆ ಆ ಪ್ರದೇಶ 'ಬ್ಲೈಟ್' ಆಗಿದೆ ಎಂದು ಬರೆಯಬೇಕು. ಬ್ಲೈಟ್ ಅಂದರೆ ಗೊತ್ತಲ್ಲ? ಹಾಸನದ ಕಡೆ ಆಲೂಗಡ್ಡೆಗೆ ಬೀಳುತ್ತದಲ್ಲ, ಅಂಗಮಾರಿ, ಅದೇ ಪದ. ಗಿಡಕ್ಕೆ ಬೀಳುವ ರೋಗದ ಹೆಸರನ್ನು ಮನುಷ್ಯರಿರುವ ಬೀದಿಗೆ ಇಟ್ಟಿದ್ದಾರೆ. ರೋಗ ಬಿದ್ದದ್ದನ್ನು ಕಿತ್ತು ಹಾಕಿದರೆ ಯಾರು ತಾನೆ ತಪ್ಪು ಅನ್ನುತ್ತಾರೆ?

ರೋಗ ಇದೆಯೋ ಇಲ್ಲವೋ ನೋಡಲು ರಾಜ್ಯದ ಅಭಿವೃದ್ಧಿ ನಿಗಮ ಒಂದು ಸಲಹಾ ಕಂಪನಿಯನ್ನು ನೇಮಿಸಿತು. ಅದೇ ಕಂಪನಿ ಅದೇ ಯೋಜನೆಗಾಗಿ ಕೊಲಂಬಿಯಾದ ಕೈಕೆಳಗೂ ಕೆಲಸ ಮಾಡುತ್ತಿತ್ತು. ಗೌಡರ ಹೊಲದ ಗಡಿಯನ್ನು ಗೌಡರ ಮನೆ ಶಾನುಭೋಗನೇ ಅಳೆದ ಹಾಗೆ. ಬಿರುಕು ಬಿಟ್ಟ ಗೋಡೆ, ಸೋರುವ ಚಾವಣಿ, ಖಾಲಿ ಬಿದ್ದ ಮಹಡಿ ಎಲ್ಲ ಪಟ್ಟಿ ಆಯಿತು. ಆ ಹೊತ್ತಿಗೆ ಅಲ್ಲಿನ ಬಹುಪಾಲು ಕಟ್ಟಡಗಳ ಮಾಲೀಕ ಯಾರು? ಕೊಲಂಬಿಯಾನೇ. ಕೊಂಡುಕೊಂಡು, ಖಾಲಿ ಮಾಡಿಸಿ, ರಿಪೇರಿ ಮಾಡದೆ ಬಿಟ್ಟು, ಆಮೇಲೆ "ಅಯ್ಯೋ ಹಾಳುಬಿದ್ದಿದೆ" ಅಂದರೆ ಹೇಗೆ ಸ್ವಾಮಿ? ಇದು ನನ್ನೊಬ್ಬನ ಸಿಟ್ಟಿನ ಮಾತಲ್ಲ. 2009ರ ಡಿಸೆಂಬರಿನಲ್ಲಿ ಮೇಲ್ಮನವಿ ಪೀಠ 3-2ರ ತೀರ್ಪಿನಲ್ಲಿ ಹೆಚ್ಚು ಕಡಿಮೆ ಇದನ್ನೇ ಹೇಳಿ ಸ್ವಾಧೀನವನ್ನು ತಡೆಯಿತು. ಆದರೆ 2010ರ ಜೂನಿನಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು ಅದನ್ನು ತಿರುವಿ ಹಾಕಿತು: ಬ್ಲೈಟ್ ಇದೆಯೋ ಇಲ್ಲವೋ ತೀರ್ಮಾನಿಸುವುದು ಸರ್ಕಾರಿ ನಿಗಮದ ಕೆಲಸ, ನಾವು ತಲೆಹಾಕುವುದಿಲ್ಲ ಎಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಇಷ್ಟಕ್ಕೂ ಆ ಕೇಸಿನಲ್ಲಿದ್ದವರು ಆಸ್ತಿ ಇದ್ದವರು. ಬಾಡಿಗೆ ಮನೆಯವನಿಗೆ, ಗ್ಯಾರೇಜಿನ ಕೂಲಿಯವನಿಗೆ ಕೋರ್ಟಿನಲ್ಲಿ ತೋರಿಸೋಕೆ ಪತ್ರವೇ ಇಲ್ಲ.

ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆಯೋ ನೆಲ ಅವರ ಕೈಗೆ ಹೋಗುತ್ತದೆ. ಹೊಲಸು ಎಂದು ಕರೆಸಿಕೊಂಡು ಊರಾಚೆ ಬಿದ್ದ ನಮಗೆ ಇದು ಹೊಸದಲ್ಲ. ಮೊದಲು ಹೊಲಸನ್ನು ನಮ್ಮ ಮೇಲೆ ಹೊರಿಸುತ್ತಾರೆ, ಆಮೇಲೆ ಹೊಲಸಾಗಿದ್ದೀರಿ ಎಂದು ದೂರ ಇಡುತ್ತಾರೆ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಈ ಯೋಜನೆ ನಡೆಸಿದ ಕೊಲಂಬಿಯಾ ಅಧ್ಯಕ್ಷ ಲೀ ಬೋಲಿಂಜರ್ ಖಳನಾಯಕ ಏನಲ್ಲ. ಮಿಷಿಗನ್ ಯೂನಿವರ್ಸಿಟಿಯ ಅಧ್ಯಕ್ಷರಾಗಿದ್ದಾಗ ಕಪ್ಪು ವಿದ್ಯಾರ್ಥಿಗಳ ಪ್ರವೇಶದ ಪರವಾಗಿ ನಿಂತ ಮನುಷ್ಯ. ಅವರ ಹೆಸರಿನಲ್ಲೇ ನಡೆದ ಕೇಸು 2003ರಲ್ಲಿ ಗೆದ್ದಿತು. (ಆ ಗೆಲುವನ್ನು 2023ರಲ್ಲಿ ಅದೇ ಸುಪ್ರೀಂ ಕೋರ್ಟು ಕಿತ್ತುಕೊಂಡಿತು, ಅದು ಬೇರೆ ಸಂಕಟ.) ಕಪ್ಪು ಹುಡುಗ ಕ್ಲಾಸಿಗೆ ಬರಲಿ ಎಂದು ಹೋರಾಡಿದವರೇ ಕಪ್ಪು ಜನರ ಬೀದಿಯ ಮೇಲೆ ಕಟ್ಟಡ ಎಬ್ಬಿಸಿದರು. ಇದರಲ್ಲಿ ಅವರಿಗೆ ವಿರೋಧವೇ ಕಾಣಲಿಲ್ಲ. 2007ರ ನವೆಂಬರಿನಲ್ಲಿ ಕೆಲವು ವಿದ್ಯಾರ್ಥಿಗಳು ಉಪವಾಸ ಕೂತರು. ಪಠ್ಯಕ್ರಮ ಬದಲಾಗಬೇಕು, ಕಪ್ಪು ಜನರ, ವಲಸಿಗರ ಚರಿತ್ರೆ ಕಲಿಸಬೇಕು, ಹಾರ್ಲೆಂ ಯೋಜನೆಯನ್ನು ತಿದ್ದಬೇಕು ಎಂಬ ಬೇಡಿಕೆಗಳು. ಯೂನಿವರ್ಸಿಟಿ ಪಠ್ಯಕ್ರಮದ ವಿಷಯದಲ್ಲಿ ಮಣಿಯಿತು. ನೆಲದ ವಿಷಯದಲ್ಲಿ ಮಣಿಯಲಿಲ್ಲ. ನೋಡಿ, ಸಿಲಬಸ್ಸಿನಲ್ಲಿ ಜಾಗ ಕೊಡುವುದು ಅವರಿಗೆ ಕಷ್ಟವಲ್ಲ. ಅಲ್ಲಿನ ಲೈಬ್ರರಿಯಲ್ಲಿ 1995ರಿಂದ ಬಾಬಾಸಾಹೇಬರ ಪ್ರತಿಮೆಯೂ ಇದೆ.

ಹಾಗಂತ ಹಾರ್ಲೆಂಗೆ ಏನೂ ಸಿಗಲಿಲ್ಲ ಎಂದು ನಾನು ಸುಳ್ಳು ಬರೆಯುವುದಿಲ್ಲ. ಮನೆ, ಶಾಲೆ, ತರಬೇತಿ ಎಂದು 15 ಕೋಟಿ ಡಾಲರಿನ ಒಪ್ಪಂದ 2009ರಲ್ಲಿ ಆಯಿತು. ಹೊಸ ಕ್ಯಾಂಪಸ್ಸಿನಲ್ಲಿ ಮಿದುಳಿನ ಮೇಲೆ ದೊಡ್ಡ ಸಂಶೋಧನೆ ನಡೆಯುತ್ತಿದೆ, ಅದೂ ಬೇಕು. "ಯೂನಿವರ್ಸಿಟಿ ಬೆಳೆಯಬಾರದಾ?" ಎಂದು ನಮ್ಮ ಮೇಷ್ಟ್ರುಗಳು ಕೇಳಬಹುದು. ಬೆಳೆಯಲಿ ಸಾರ್. ಆದರೆ 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದದ್ದನ್ನೂ ಪಕ್ಕದಲ್ಲಿಟ್ಟು ನೋಡಿ: ವಿಳಾಸಗಳ ಲೆಕ್ಕದಲ್ಲಿ ನಗರದ ಅತಿ ದೊಡ್ಡ ಖಾಸಗಿ ಭೂಮಾಲೀಕ ಕೊಲಂಬಿಯಾ, ಅದಕ್ಕೆ ಉಳಿಯುವ ಆಸ್ತಿ ತೆರಿಗೆ ವರ್ಷಕ್ಕೆ 18 ಕೋಟಿ ಡಾಲರಿಗೂ ಹೆಚ್ಚು. ಹಾರ್ಲೆಂಗೆ ವರ್ಷಾನುಗಟ್ಟಲೆ ಕಂತಿನಲ್ಲಿ ಕೊಡುವ ಇಡುಗಂಟಿಗಿಂತ ಒಂದೇ ವರ್ಷದಲ್ಲಿ ಉಳಿಯುವ ತೆರಿಗೆ ಜಾಸ್ತಿ.

ನಮ್ಮ ಹುಡುಗ ಹುಡುಗಿಯರು ಈಗೀಗ ವಿದೇಶದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುತ್ತಿದ್ದಾರೆ. ಹಾಕಿ, ಹೋಗಿ, ಅವರ ಲೈಬ್ರರಿಯನ್ನು ಪೂರ್ತಿ ಓದಿ ಮುಗಿಸಿ. ಕೊಲಂಬಿಯಾಗೇ ಹೋದರೆ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಮಾರ್ನಿಂಗ್‌ಸೈಡ್ ಪಾರ್ಕಿಗೆ ಇಳಿದು ಆ ಕೊಳ ಎಲ್ಲಿದೆ ನೋಡಿ. ಆಮೇಲೆ ಬ್ರಾಡ್‌ವೇ ಹಿಡಿದು ಉತ್ತರಕ್ಕೆ ನಡೆದು 125ನೇ ಬೀದಿ ದಾಟಿ. ಗಾಜಿನ ಕಟ್ಟಡಗಳು ಕಾಣುತ್ತವೆ. ಮೊದಲು ಇಲ್ಲಿ ಏನಿತ್ತು, ಇದ್ದವರು ಎಲ್ಲಿ ಹೋದರು ಎಂದು ಆಚೀಚೆಯ ವಯಸ್ಸಾದವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದು ಕಳಿಸಿ. ಈ ಪತ್ರಿಕೆಯಲ್ಲಿ ಅದಕ್ಕೆ ಎರಡು ಪುಟ ಬಿಡುತ್ತೇವೆ.